ಫೆಲಿಕ್ಸ್ ಮಗಾತ್: ಕಲಾತ್ಮಕ ಆಟಗಾರ, ಕಠೋರ ತರಬೇತುದಾರ

2022ರ ಮೇ 23ರ ರಾತ್ರಿ ಜರ್ಮನಿಯ ಬಂದರು ನಗರಿ ಹ್ಯಾಂಬರ್ಗ್‌ನ ಫೋಕ್ಸ್‌ಪಾರ್ಕ್ ಕ್ರೀಡಾಂಗಣ ಜನರಿಂದ ತುಂಬಿತ್ತು. 2018ರಲ್ಲಿ ಎರಡನೇ ದರ್ಜೆಗೆ ಕುಸಿದಿದ್ದ ಊರಿನ ಹೆಮ್ಮೆಯ ತಂಡ ಎಚ್‌ಎಸ್‌ವಿ, ದೇಶದ ಅಗ್ರ ಲೀಗ್ ಆದ ಬುಂಡೆಸ್‌ಲೀಗಾಕ್ಕೆ ಮರಳಲು ಅಂದು ಸೋಲದೆ ಉಳಿದರೆ ಸಾಕಿತ್ತು. ನಾಲ್ಕು ದಿನಗಳ ಹಿಂದೆ ಬರ್ಲಿನ್‌ನಲ್ಲಿ ನಡೆದ ಮೊದಲ ಚರಣದ ಪಂದ್ಯದಲ್ಲಿ ಅದು ಹೆರ್ತಾ ತಂಡವನ್ನು 1–0 ಗೋಲಿನಿಂದ ಮಣಿಸಿ ಬಂದಿತ್ತು. ಆದರೆ ತವರಿನ ಪಂದ್ಯದ ನಾಲ್ಕನೇ ನಿಮಿಷದಲ್ಲೇ ಹೆರ್ತಾ ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ಇನ್ನೊಂದು ಗೋಲು ಬಿತ್ತು. 2–0 ಅಂತರದಿಂದ ಗೆದ್ದ ಹೆರ್ತಾ ಅಗ್ರ ದರ್ಜೆಯಲ್ಲಿ ಉಳಿಯಿತು, ಹ್ಯಾಂಬರ್ಗ್ ಹೊರಗೇ ನಿಂತಿತು.

ಸೋಲಿಗಿಂತ ಹೆಚ್ಚಾಗಿ ಊರಿನ ಹಿರಿಯ ಅಭಿಮಾನಿಗಳ ಕರುಳು ಹಿಂಡಿದ ಸಂಗತಿ ಬೇರೊಂದಿತ್ತು. ಎದುರಾಳಿಯ ಬೆಂಚಿನಲ್ಲಿ ಕುಳಿತಿದ್ದ 68 ವರ್ಷದ ತರಬೇತುದಾರ ಹೊರಗಿನವರಲ್ಲ. ಹ್ಯಾಂಬರ್ಗ್ ಫುಟ್‌ಬಾಲ್ ಇತಿಹಾಸದ ಅತ್ಯಂತ ದೊಡ್ಡ ಗೋಲನ್ನು ಹೊಡೆದವರೇ ಅವರು. ಹೆಸರು ವೋಲ್ಫ್‌ಗಾಂಗ್ ಫೆಲಿಕ್ಸ್ ಮಗಾತ್.

ಜರ್ಮನ್ ಫುಟ್‌ಬಾಲ್‌ನಲ್ಲಿ ಮಗಾತ್ ಹೆಸರು ಕೇಳಿದೊಡನೆ ಎರಡು ವಿರುದ್ಧ ಚಿತ್ರಗಳು ಕಣ್ಣಮುಂದೆ ಬರುತ್ತವೆ. ಒಂದು, ಚೆಂಡನ್ನು ಎಡಗಾಲಿನಲ್ಲಿ ಮುದ್ದಿಸಿ ಆಟಕ್ಕೆ ರೂಪ ಕೊಡುತ್ತಿದ್ದ ಹತ್ತನೇ ನಂಬರಿನ ಮಿಡ್‌ಫೀಲ್ಡರ್. ಇನ್ನೊಂದು, ಆಟಗಾರರನ್ನು ಬೆಟ್ಟ ಹತ್ತಿಸಿ, ಭಾರದ ಚೆಂಡು ಹೊರಿಸಿ ಹೈರಾಣಾಗಿಸುತ್ತಿದ್ದ ಮಿತಭಾಷಿ ಕೋಚ್. ಮೊದಲನೆಯವನು ಎರಡನೆಯವನಾದದ್ದು ಹೇಗೆ? ಅಷ್ಟು ಪ್ರಶಸ್ತಿಗಳನ್ನು ಗೆದ್ದ ಮೇಲೂ ಎಲ್ಲಿಯೂ ನೆಲೆ ನಿಲ್ಲಲಾಗದೆ ಹೋದದ್ದು ಏಕೆ?

ಸೈನಿಕನ ಮಗ

ಮಗಾತ್ ಹುಟ್ಟಿದ್ದು 1953ರ ಜುಲೈ 26ರಂದು, ಬವೇರಿಯಾದ ಅಶಾಫೆನ್‌ಬುರ್ಗ್‌ನಲ್ಲಿ. ತಂದೆ ಯುದ್ಧಾನಂತರದ ಜರ್ಮನಿಯಲ್ಲಿ ನೆಲೆಗೊಂಡಿದ್ದ ಅಮೆರಿಕ ಸೇನೆಯ ಸೈನಿಕ, ಮೂಲತಃ ಪೋರ್ಟೊ ರಿಕೊ ದ್ವೀಪದವರು. ತಾಯಿ ಪೂರ್ವ ಪ್ರಷ್ಯದಿಂದ ಬಂದವರು. ಮಗು ಇನ್ನೂ ಎಳೆಯದಿರುವಾಗಲೇ ತಂದೆ ಸ್ವದೇಶಕ್ಕೆ ಮರಳಿದರು. ತಾಯಿಯೊಬ್ಬರೇ ಮಗನನ್ನು ಬೆಳೆಸಿದರು. ಹದಿಹರೆಯದಲ್ಲಿ ಮಗಾತ್ ತಾವಾಗಿಯೇ ಪತ್ರ ಬರೆದು ತಂದೆಯ ಸಂಪರ್ಕವನ್ನು ಮರಳಿ ಪಡೆದರು.

ಊರಿನ ಕ್ಲಬ್‌ನಲ್ಲಿ ಆಡಿ, ಸಾರ್‌ಬ್ರುಕನ್‌ನಲ್ಲಿ ಎರಡು ಋತು ಕಳೆದು, 1976ರಲ್ಲಿ ಹ್ಯಾಂಬರ್ಗ್ ಸೇರಿದ ಅವರು ಮುಂದಿನ ಹತ್ತು ವರ್ಷ ಅಲ್ಲಿಂದ ಕದಲಲಿಲ್ಲ. ಬುಂಡೆಸ್‌ಲೀಗಾದಲ್ಲಿ 306 ಪಂದ್ಯ, 46 ಗೋಲು. ಬಂದ ಮೊದಲ ಋತುವಿನಲ್ಲೇ, 1977ರ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಬೆಲ್ಜಿಯಂನ ಆಂಡರ್‌ಲೆಕ್ಟ್ ವಿರುದ್ಧ 2–0 ಜಯದ ಎರಡನೇ ಗೋಲು ಅವರದಾಗಿತ್ತು. 1979, 1982, 1983ರಲ್ಲಿ ತಂಡ ಲೀಗ್ ಪ್ರಶಸ್ತಿ ಗೆದ್ದಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದಾಗ ಮಗಾತ್ ಚದುರಂಗದ ಗೀಳು ಹತ್ತಿಸಿಕೊಂಡರು. ಅನಟೋಲಿ ಕಾರ್ಪೋವ್ ಮತ್ತು ವಿಕ್ಟರ್ ಕೊರ್ಚ್‌ನಾಯ್ ನಡುವೆ ವಿಶ್ವ ಚಾಂಪಿಯನ್ ಪಟ್ಟಕ್ಕೆ ನಡೆದ ಹೋರಾಟ ಆಗ ಜಗತ್ತಿನ ಗಮನ ಸೆಳೆದಿತ್ತು. ಮುಂದೊಂದು ದಿನ ಗ್ಯಾರಿ ಕ್ಯಾಸ್ಪರೋವ್ ಏಕಕಾಲಕ್ಕೆ ಹಲವರೊಡನೆ ಆಡಿದ ಪ್ರದರ್ಶನದಲ್ಲಿ ಮಗಾತ್ ಅವರ ಎದುರೂ ಕುಳಿತು ಬಂದರು. ಕಾಯಿಗಳನ್ನು ದೂರದಿಂದ ನಡೆಸುವ, ಮುಖದಲ್ಲಿ ಭಾವ ತೋರಗೊಡದ ಆ ಅಭ್ಯಾಸ ಅವರ ತರಬೇತಿಯಲ್ಲೂ ಇಣುಕಿತು ಎಂದು ನಂಬಿದವರು ಬಹಳ.

ಏಥೆನ್ಸ್‌ನ ಒಂಬತ್ತನೇ ನಿಮಿಷ

1983ರ ಮೇ 25ರಂದು ಏಥೆನ್ಸ್‌ನಲ್ಲಿ ಯುರೋಪಿಯನ್ ಕಪ್ ಫೈನಲ್. ಎದುರಾಳಿ ಇಟಲಿಯ ಯುವೆಂಟಸ್. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದ ಇಟಲಿ ತಂಡದ ಜೋಫ್, ಜೆಂಟೀಲೆ, ಕಬ್ರೀನಿ, ಶಿರೆಯಾ, ತಾರ್ದೆಲ್ಲಿ, ರೋಸಿ ಅಲ್ಲಿದ್ದರು. ಸಾಲದೆಂಬಂತೆ ಫ್ರಾನ್ಸ್‌ನ ಮಿಶೆಲ್ ಪ್ಲಾಟಿನಿ, ಪೋಲೆಂಡ್‌ನ ಬೋನಿಯೆಕ್ ಬೇರೆ. ಹ್ಯಾಂಬರ್ಗ್ ಗೆಲ್ಲುತ್ತದೆಂದು ಪಣ ಕಟ್ಟಿದವರು ವಿರಳ.

ಒಂಬತ್ತನೇ ನಿಮಿಷದಲ್ಲಿ ಪೆನಾಲ್ಟಿ ಆವರಣದ ಅಂಚಿನ ಬಳಿ ಚೆಂಡು ಮಗಾತ್‌ಗೆ ಸಿಕ್ಕಿತು. ಅಡ್ಡ ಬಂದ ಬೆಟ್ಟೆಗಾ ಅವರನ್ನು ಹುಸಿ ಚಲನೆಯಿಂದ ದಾಟಿ ಎಡಗಾಲಿನಲ್ಲಿ ಹೊಡೆದರು. ಚೆಂಡು ಬಾಗಿ ತೇಲುತ್ತಾ, 41 ವರ್ಷದ ಡೀನೋ ಜೋಫ್ ಅವರ ಕೈಗೆ ಎಟುಕದಂತೆ ದೂರದ ಮೂಲೆಗೆ ಇಳಿಯಿತು. ಉಳಿದ ಎಂಬತ್ತು ಚಿಲ್ಲರೆ ನಿಮಿಷಗಳಲ್ಲಿ ಮತ್ತೊಂದು ಗೋಲು ಬರಲಿಲ್ಲ. ಪ್ಲಾಟಿನಿಯವರನ್ನು ವೋಲ್ಫ್‌ಗಾಂಗ್ ರೋಲ್ಫ್ ನೆರಳಿನಂತೆ ಹಿಂಬಾಲಿಸಿದರು. ಹ್ಯಾಂಬರ್ಗ್ ಯುರೋಪಿನ ಚಾಂಪಿಯನ್ ಆಯಿತು. ಆ ಕಪ್ ಅಲ್ಲಿಗೆ ಮತ್ತೆ ಬಂದಿಲ್ಲ.

ರಾಷ್ಟ್ರೀಯ ತಂಡದಲ್ಲಿ ಅವರಿಗೆ ಇಷ್ಟು ಅದೃಷ್ಟ ಇರಲಿಲ್ಲ. ಪಶ್ಚಿಮ ಜರ್ಮನಿ ಪರ 43 ಪಂದ್ಯ, ಮೂರು ಗೋಲು. 1980ರ ಯುರೋ ಗೆದ್ದ ತಂಡದಲ್ಲಿದ್ದರೂ ಫೈನಲ್ ಆಡಲಿಲ್ಲ. 1982ರ ವಿಶ್ವಕಪ್ ಫೈನಲ್‌ನಲ್ಲೂ ಅಂಗಳಕ್ಕಿಳಿಯಲಿಲ್ಲ. 1986ರಲ್ಲಿ ಮೆಕ್ಸಿಕೊದ ಫೈನಲ್ ಅನ್ನು ದೂರದರ್ಶನದಲ್ಲಿ ನಿದ್ದೆಗೆಟ್ಟು ವೀಕ್ಷಿಸಿದ ನಮ್ಮ ರಾಜ್ಯದ ಹಿರಿಯ ಪ್ರೇಕ್ಷಕರಿಗೆ ಮರಡೋನಾ ನೆನಪಿರುವುದು ಸಹಜ. ಅಂದು ಎದುರು ಪಾಳಯದಲ್ಲಿ ಹತ್ತನೇ ನಂಬರಿನ ಅಂಗಿ ತೊಟ್ಟಿದ್ದವರು ಮಗಾತ್. ಅರವತ್ತನೇ ನಿಮಿಷದ ಸುಮಾರಿಗೆ ಕೋಚ್ ಬೆಕನ್‌ಬಾವರ್ ಅವರನ್ನು ಹೊರಗೆ ಕರೆದರು. ಅದೇ ಅವರ ಕೊನೆಯ ಅಂತಾರಾಷ್ಟ್ರೀಯ ಪಂದ್ಯ.

ಗುರುಗಳಿಂದ ಬಂದ ಪಾಠ

ಆಟದಲ್ಲಿ ಇಷ್ಟು ಲಾಲಿತ್ಯವಿದ್ದವರಿಗೆ ತರಬೇತಿಯಲ್ಲಿ ಆ ಕಾಠಿಣ್ಯ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಹ್ಯಾಂಬರ್ಗ್‌ನಲ್ಲೇ ಇದೆ. 1979ರಲ್ಲಿ ತಂಡಕ್ಕೆ ಪ್ರಶಸ್ತಿ ತಂದ ಯುಗೊಸ್ಲಾವಿಯಾದ ಬ್ರಾಂಕೊ ಜೆಬೆಚ್ ಆಟಗಾರರನ್ನು ಅರೆದು ಹಿಂಡುವ ತರಬೇತಿಗೆ ಹೆಸರಾದವರು. ಅವರ ನಂತರ ಬಂದ ಆಸ್ಟ್ರಿಯಾದ ಅರ್ನ್ಸ್ಟ್ ಹಾಪೆಲ್ ಮಾತಿಗಿಂತ ಮೌನವನ್ನೇ ಹೆಚ್ಚು ಬಳಸಿದವರು. ಹಾಪೆಲ್ ಅವರ ಕೈಕೆಳಗೆ ತಂಡ ಲೀಗ್‌ನಲ್ಲಿ ಸತತ 36 ಪಂದ್ಯ ಸೋಲದೆ ಆಡಿತು. ಕಣ್ಣೆದುರು ಕಪ್‌ಗಳು ಸಾಲುಗಟ್ಟಿದ್ದನ್ನು ಕಂಡ ಮಗಾತ್‌ಗೆ, ಕಲೆ ಅರಳಬೇಕಾದರೆ ಮೊದಲು ದೇಹ ಸಿದ್ಧವಾಗಬೇಕು ಎಂಬ ನಂಬಿಕೆ ಬೇರೂರಿದ್ದರೆ ಅಚ್ಚರಿಯಿಲ್ಲ.

1986ರಲ್ಲಿ ಆಟ ನಿಲ್ಲಿಸಿದ ಅವರು ಕೆಲಕಾಲ ಕ್ಲಬ್‌ಗಳ ವ್ಯವಸ್ಥಾಪಕರಾಗಿ ದುಡಿದರು. ಬಳಿಕ ಬ್ರೆಮರ್‌ಹಾಫನ್ ಎಂಬ ಸಣ್ಣ ಊರಿನಲ್ಲಿ ಆಟಗಾರ-ಕೋಚ್ ಆಗಿ ಆರಂಭಿಸಿ, ಹ್ಯಾಂಬರ್ಗ್‌ನ ಎರಡನೇ ತಂಡವನ್ನು ನೋಡಿಕೊಂಡು, 1995ರ ಅಕ್ಟೋಬರ್‌ನಲ್ಲಿ ಮುಖ್ಯ ತಂಡದ ಹೊಣೆ ಹೊತ್ತರು. ತಡಬಡಾಯಿಸುತ್ತಿದ್ದ ತಂಡ ಋತುವಿನ ಕೊನೆಗೆ ಐದನೇ ಸ್ಥಾನಕ್ಕೆ ಬಂತು. 1997ರ ಮೇ ತಿಂಗಳಲ್ಲಿ ಅದೇ ಕ್ಲಬ್ ಅವರನ್ನು ಮನೆಗೆ ಕಳುಹಿಸಿತು.

ಇಲ್ಲಿಂದ ಒಂದು ಮಾದರಿ ಶುರುವಾಗುತ್ತದೆ. ಬುಂಡೆಸ್‌ಲೀಗಾದಲ್ಲಿ ಹದಿನೆಂಟು ತಂಡಗಳು. ಕೊನೆಯ ಸ್ಥಾನಗಳಲ್ಲಿ ನಿಂತವು ಕೆಳದರ್ಜೆಗೆ ಇಳಿಯಬೇಕು. ಇಳಿದರೆ ಟಿವಿ ಪ್ರಸಾರದ ಹಣ ಹೋಗುತ್ತದೆ, ಪ್ರಾಯೋಜಕರು ಹೋಗುತ್ತಾರೆ, ಒಳ್ಳೆಯ ಆಟಗಾರರೂ ಹೋಗುತ್ತಾರೆ. ಹೀಗಾಗಿ ಮುಳುಗುವ ತಂಡಕ್ಕೆ ಋತುವಿನ ನಡುವೆ ಬಂದು ಬೆಂಕಿ ನಂದಿಸುವ ಕೋಚ್‌ಗೆ ಸದಾ ಬೇಡಿಕೆ. ಮಗಾತ್ 1997–98ರಲ್ಲಿ ನ್ಯೂರೆನ್‌ಬರ್ಗ್ ತಂಡವನ್ನು ಎರಡನೇ ದರ್ಜೆಯ ತಳಭಾಗದಿಂದ ಎತ್ತಿ ಬುಂಡೆಸ್‌ಲೀಗಾಕ್ಕೆ ಏರಿಸಿದರು. ವೆರ್ಡರ್ ಬ್ರೆಮೆನ್‌ನಲ್ಲಿ ಮಾತ್ರ ಕೈಗೂಡಲಿಲ್ಲ. 1999ರ ಮೇ ತಿಂಗಳಲ್ಲಿ ಹೊರನಡೆದರು. ಫ್ರಾಂಕ್‌ಫರ್ಟ್ ತಂಡವನ್ನು 2000ದಲ್ಲಿ ಕೊನೆಯ ದಿನದ ಪಂದ್ಯದಲ್ಲಿ ಉಳಿಸಿದರು, ಮುಂದಿನ ಜನವರಿಯಲ್ಲಿ ಕೆಲಸ ಕಳೆದುಕೊಂಡರು.

ಫ್ರಾಂಕ್‌ಫರ್ಟ್‌ನಲ್ಲಿ ಅವರ ಕೈಕೆಳಗೆ ಆಡಿದ ನಾರ್ವೆಯ ಯಾನ್ ಓಗೆ ಫ್ಯೋರ್ಟಾಫ್ಟ್ ಅವರ ಚಟಾಕಿ ಜರ್ಮನಿಯಲ್ಲಿ ಇಂದಿಗೂ ಪ್ರಸಿದ್ಧ. ಮಗಾತ್ ಟೈಟಾನಿಕ್ ಹಡಗನ್ನು ಉಳಿಸುತ್ತಿದ್ದರೋ ಇಲ್ಲವೋ ತಿಳಿಯದು, ಬದುಕುಳಿದವರಂತೂ ಗಟ್ಟಿಮುಟ್ಟಾಗಿರುತ್ತಿದ್ದರು ಎಂಬುದು ಅದರ ಸಾರ. ಫೆಲಿಕ್ಸ್ ಎಂದರೆ ಲ್ಯಾಟಿನ್‌ನಲ್ಲಿ ಸುಖಿ, ಭಾಗ್ಯವಂತ. ಆಟಗಾರರು ಅದಕ್ಕೆ ಯಾತನೆ ಕೊಡು ಎಂಬರ್ಥದ ಜರ್ಮನ್ ಕ್ರಿಯಾಪದ ಬೆರೆಸಿ ‘ಕ್ವೇಲಿಕ್ಸ್’ ಎಂಬ ಅಡ್ಡಹೆಸರಿಟ್ಟರು. ಮಗಾತ್ ಇದಕ್ಕೆ ಬೇಸರಿಸಿಕೊಂಡಂತೆ ಕಾಣಲಿಲ್ಲ. ಪತ್ರಿಕಾಗೋಷ್ಠಿಗಳಲ್ಲಿ ಚಹಾದ ಬಟ್ಟಲಿನಲ್ಲಿ ಚಮಚ ತಿರುಗಿಸುತ್ತಾ ಕೂರುವುದೇ ಅವರ ಶೈಲಿಯಾಗಿತ್ತು.

ಬೆಟ್ಟವೇ ಪಾಠಶಾಲೆ

ಮಗಾತ್ ತರಬೇತಿಯ ಮುಖ್ಯ ಸಾಧನ ಮೆಡಿಸಿನ್ ಬಾಲ್. ಹಲವು ಕಿಲೋ ತೂಕದ, ಒಳಗೆ ತುಂಬಿಗಟ್ಟಿದ ಈ ಚೆಂಡನ್ನು ಎತ್ತಿ, ಎಸೆದು, ಹೊತ್ತು ಓಡಬೇಕು. ಜೊತೆಗೆ ಕಾಡಿನ ದೂರದ ಓಟ, ಮೆಟ್ಟಿಲು ಹತ್ತುವುದು. ವೋಲ್ಫ್ಸ್‌ಬುರ್ಗ್‌ನಲ್ಲಿ ಅಭ್ಯಾಸ ಮೈದಾನದ ಪಕ್ಕ ಕೃತಕ ಗುಡ್ಡವನ್ನೇ ನಿರ್ಮಿಸಿ, ಬೇರೆಬೇರೆ ಎತ್ತರದ ಮೆಟ್ಟಿಲು ಹಾಕಿಸಿದರು. ಜನ ಅದನ್ನು ಮಗಾತ್ ಬೆಟ್ಟವೆಂದೇ ಕರೆದರು.

ಇದರ ಹಿಂದಿನ ತರ್ಕ ಸರಳ. ಫುಟ್‌ಬಾಲ್ ಪಂದ್ಯದ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಕಾಲುಗಳು ಸೋಲುತ್ತವೆ. ಸೋತ ಕಾಲಿನ ರಕ್ಷಣಾ ಆಟಗಾರ ಒಂದು ಹೆಜ್ಜೆ ತಡವಾಗುತ್ತಾನೆ, ಅಲ್ಲಿ ಗೋಲು ಬೀಳುತ್ತದೆ. ಪ್ರತಿಭೆಯಲ್ಲಿ ಹಿಂದಿರುವ ತಂಡ ದೇಹಬಲದಲ್ಲಿ ಮುಂದಿದ್ದರೆ ಆ ಅವಧಿಯಲ್ಲಿ ಲೆಕ್ಕ ಸರಿಹೊಂದುತ್ತದೆ. ಹೊಸ ಕೋಚ್ ಬಂದೊಡನೆ ಯಾರ ಸ್ಥಾನವೂ ಭದ್ರವಲ್ಲ ಎಂಬ ಭಯ ಇದರೊಡನೆ ಸೇರಿಕೊಂಡರೆ ಫಲ ವಾರಗಳಲ್ಲೇ ಕಾಣುತ್ತದೆ.

2001ರ ಫೆಬ್ರುವರಿಯಲ್ಲಿ ಸ್ಟುಟ್‌ಗಾರ್ಟ್ ವಹಿಸಿಕೊಂಡಾಗ ಇದು ಸಾಬೀತಾಯಿತು. ಋತುವಿನ ಕೊನೆಯ ಹಿಂದಿನ ಪಂದ್ಯದಲ್ಲಿ ಬಾಲಕೋವ್ ಅಂತಿಮ ಕ್ಷಣದಲ್ಲಿ ಹೊಡೆದ ಗೋಲು ತಂಡವನ್ನು ಉಳಿಸಿತು. ಅಂದು ಸೋತ ಶಾಲ್ಕೆಗೆ ಮಾತ್ರ ಅದು ಪ್ರಶಸ್ತಿಯನ್ನೇ ಕಸಿದ ಪೆಟ್ಟಾಯಿತು. ಕ್ಲಬ್‌ನಲ್ಲಿ ಹಣವಿರಲಿಲ್ಲ. ಹಾಗಾಗಿ ಮಗಾತ್ ಹುಡುಗರನ್ನೇ ನೆಚ್ಚಿದರು. ಗೋಲಿ ಹಿಲ್ಡೆಬ್ರಾಂಡ್, ಹಿಂಕೆಲ್, ಬೆಲಾರುಸ್‌ನ ಹ್ಲೆಬ್, ಕುರಾನಿ ಬೆಳೆದರು. 2003ರಲ್ಲಿ ತಂಡ ಲೀಗ್‌ನಲ್ಲಿ ದ್ವಿತೀಯ ಸ್ಥಾನ ಪಡೆಯಿತು. ಅದೇ ವರ್ಷ ಅಕ್ಟೋಬರ್ 1ರಂದು ಚಾಂಪಿಯನ್ಸ್ ಲೀಗ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 2–1ರಿಂದ ಸೋಲಿಸಿತು. ಬಯರ್ನ್‌ನಿಂದ ಎರವಲು ಬಂದಿದ್ದ ಫಿಲಿಪ್ ಲಾಮ್ ಎಂಬ ಹುಡುಗನಿಗೆ ಬುಂಡೆಸ್‌ಲೀಗಾದ ಬಾಗಿಲು ತೆರೆದದ್ದೂ ಇಲ್ಲಿಯೇ. ಮಗಾತ್ ಎಂದರೆ ಬರೀ ದಂಡನೆ ಎನ್ನುವವರು ಈ ಪಟ್ಟಿಯನ್ನು ಮರೆಯುತ್ತಾರೆ.

2004ರಲ್ಲಿ ಬಯರ್ನ್ ಮ್ಯೂನಿಕ್ ಅವರನ್ನು ಕರೆಸಿಕೊಂಡಿತು. 2005 ಮತ್ತು 2006ರಲ್ಲಿ ಲೀಗ್ ಹಾಗೂ ಜರ್ಮನ್ ಕಪ್ ಎರಡನ್ನೂ ತಂಡ ಗೆದ್ದಿತು. ಸತತ ಎರಡು ವರ್ಷ ಜೋಡಿ ಪ್ರಶಸ್ತಿ ಗೆಲ್ಲುವುದು ಜರ್ಮನಿಯಲ್ಲಿ ಅದುವರೆಗೆ ಯಾರಿಗೂ ಸಾಧ್ಯವಾಗಿರಲಿಲ್ಲ. 2007ರ ಜನವರಿ 31ರಂದು, ತಂಡ ನಾಲ್ಕನೇ ಸ್ಥಾನದಲ್ಲಿದ್ದಾಗ, ಅವರನ್ನು ವಜಾ ಮಾಡಲಾಯಿತು.

ವೋಲ್ಫ್ಸ್‌ಬುರ್ಗ್‌ನ ಪವಾಡ

ವೋಲ್ಫ್ಸ್‌ಬುರ್ಗ್ ಎಂದರೆ ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಊರು. ಕ್ಲಬ್ ಕೂಡ ಆ ಕಂಪನಿಯದೇ. 2007ರಲ್ಲಿ 15ನೇ ಸ್ಥಾನಕ್ಕೆ ಇಳಿದು ಹೇಗೋ ಬದುಕುಳಿದಿದ್ದ ಈ ತಂಡ ಮಗಾತ್‌ಗೆ ಕೋಚ್ ಹುದ್ದೆಯ ಜೊತೆ ಆಟಗಾರರನ್ನು ಕೊಳ್ಳುವ, ಮಾರುವ ಅಧಿಕಾರವನ್ನೂ ಕೊಟ್ಟಿತು. ಯಾರಿಗೂ ವಿವರಣೆ ನೀಡುವ ಹಂಗಿಲ್ಲ. ಅವರಿಗೆ ಬೇಕಾಗಿದ್ದೂ ಅದೇ.

ಜೆಕ್ ಗಣರಾಜ್ಯದ ಟೆಪ್ಲಿಸೆ ಕ್ಲಬ್‌ನಿಂದ ಬೋಸ್ನಿಯಾದ ಎಡಿನ್ ಜೆಕೊ, ಫ್ರಾನ್ಸ್‌ನ ಲ ಮಾನ್‌ನಿಂದ ಬ್ರೆಜಿಲ್‌ನ ಗ್ರಾಫಿಟೆ, ಜಪಾನಿನಿಂದ ಹಸೇಬೆ, ನ್ಯೂರೆನ್‌ಬರ್ಗ್‌ನಿಂದ ಮಿಸಿಮೊವಿಚ್ ಬಂದರು. ಯಾರೂ ಆಗ ಜಗತ್ಪ್ರಸಿದ್ಧರಲ್ಲ. ಮೊದಲ ವರ್ಷ ಐದನೇ ಸ್ಥಾನ. 2008–09ರ ಚಳಿಗಾಲದ ಬಿಡುವಿನ ಹೊತ್ತಿಗೆ ತಂಡ ಒಂಬತ್ತನೇ ಸ್ಥಾನದಲ್ಲಿತ್ತು. ಎಲ್ಲರ ಕಾಲುಗಳು ದಣಿದಿದ್ದ ದ್ವಿತೀಯಾರ್ಧದಲ್ಲಿ ವೋಲ್ಫ್ಸ್‌ಬುರ್ಗ್ ಓಡಲು ಆರಂಭಿಸಿತು. ಸತತ ಹತ್ತು ಪಂದ್ಯ ಗೆದ್ದಿತು.

ಏಪ್ರಿಲ್ 4ರಂದು ಬಯರ್ನ್ ಮ್ಯೂನಿಕ್ ಈ ಊರಿಗೆ ಬಂದು 5–1ರಿಂದ ಸೋತು ಹೋಯಿತು. ಗ್ರಾಫಿಟೆ ಹಲವು ರಕ್ಷಕರನ್ನೂ ಗೋಲಿಯನ್ನೂ ದಾಟಿ ಹಿಮ್ಮಡಿಯಿಂದ ಚೆಂಡನ್ನು ನಿಧಾನವಾಗಿ ಗೋಲಿನೊಳಗೆ ತಳ್ಳಿದ ದೃಶ್ಯವನ್ನು ಜರ್ಮನಿಯ ಟಿವಿ ವಾಹಿನಿಗಳು ವರ್ಷಗಟ್ಟಲೆ ತೋರಿಸಿದವು. ಬಯರ್ನ್ ಕೋಚ್ ಯೂರ್ಗನ್ ಕ್ಲಿನ್ಸ್‌ಮನ್ ಆ ತಿಂಗಳು ಮುಗಿಯುವುದರೊಳಗೆ ಕೆಲಸ ಕಳೆದುಕೊಂಡರು. ಗ್ರಾಫಿಟೆ 28, ಜೆಕೊ 26, ಒಟ್ಟು 54 ಗೋಲು. ಗೆರ್ಡ್ ಮ್ಯೂಲರ್ ಮತ್ತು ಉಲಿ ಹೋನೆಸ್ ಜೋಡಿಯ ದಾಖಲೆ ಮುರಿಯಿತು. ಮೇ 23ರಂದು ಬ್ರೆಮೆನ್ ತಂಡವನ್ನು 5–1ರಿಂದ ಮಣಿಸಿ ವೋಲ್ಫ್ಸ್‌ಬುರ್ಗ್ ತನ್ನ ಇತಿಹಾಸದ ಮೊದಲ ಬುಂಡೆಸ್‌ಲೀಗಾ ಪ್ರಶಸ್ತಿ ಗೆದ್ದಿತು. ಮಗಾತ್ ಅಷ್ಟರಲ್ಲಾಗಲೇ ಶಾಲ್ಕೆ ಸೇರುವುದಾಗಿ ಘೋಷಿಸಿಯಾಗಿತ್ತು!

ಫಲ ಕೊಟ್ಟದ್ದೇ ಮುಳುವಾದಾಗ

ಶಾಲ್ಕೆಯಲ್ಲಿ ಮೊದಲ ವರ್ಷ ದ್ವಿತೀಯ ಸ್ಥಾನ. ಹದಿನೆಂಟರ ಯೋಯೆಲ್ ಮಾಟಿಪ್ ತಮ್ಮ ಚೊಚ್ಚಲ ಪಂದ್ಯದಲ್ಲೇ ಬಯರ್ನ್ ವಿರುದ್ಧ ಗೋಲು ಹೊಡೆದದ್ದು ಆ ಋತುವಿನಲ್ಲಿ. ಮರುವರ್ಷ ಸ್ಪೇನ್‌ನ ರಾವುಲ್, ಡಚ್ ಆಟಗಾರ ಹುಂಟೆಲಾರ್ ಸೇರಿ ದೊಡ್ಡ ಹೆಸರುಗಳು ಬಂದವು. ಆದರೆ ಲೀಗ್‌ನಲ್ಲಿ ತಂಡ ಕುಸಿಯಿತು. ಬರುವ, ಹೋಗುವ ಆಟಗಾರರ ಲೆಕ್ಕ ಅಭಿಮಾನಿಗಳಿಗೇ ಸಿಗದಾಯಿತು. 2011ರ ಮಾರ್ಚ್ 16ರಂದು ಮಗಾತ್ ಅವರನ್ನು ತೆಗೆದಾಗ ಶಾಲ್ಕೆ ಚಾಂಪಿಯನ್ಸ್ ಲೀಗ್ ಎಂಟರ ಘಟ್ಟದಲ್ಲಿತ್ತು, ಜರ್ಮನ್ ಕಪ್ ಫೈನಲ್ ತಲುಪಿತ್ತು! ಆ ಕಪ್ಪನ್ನು ಎತ್ತಿದ್ದು ಅವರ ಜಾಗಕ್ಕೆ ಬಂದ ರಾಲ್ಫ್ ರಾಂಗ್ನಿಕ್. ಎರಡೇ ದಿನಗಳಲ್ಲಿ ವೋಲ್ಫ್ಸ್‌ಬುರ್ಗ್ ಮಗಾತ್‌ರನ್ನು ಮರಳಿ ಕರೆಯಿತು. ತಂಡವನ್ನು ಉಳಿಸಿದ ಅವರು, ಬಳಿಕ ಹತ್ತಾರು ಆಟಗಾರರನ್ನು ಕೊಂಡರು. 2012ರ ಅಕ್ಟೋಬರ್‌ನಲ್ಲಿ ಎಂಟು ಪಂದ್ಯಗಳಿಂದ ಐದೇ ಅಂಕ ಗಳಿಸಿ ತಳದಲ್ಲಿದ್ದ ತಂಡವನ್ನು ಬಿಟ್ಟು ಹೊರಟರು.

ಕಾರಣ ಹುಡುಕುವುದು ಕಷ್ಟವಲ್ಲ. ಭಯಕ್ಕೆ ಆಯುಷ್ಯ ಕಡಿಮೆ. ಸ್ಟುಟ್‌ಗಾರ್ಟ್ ಮತ್ತು ಬಯರ್ನ್ ಎರಡರಲ್ಲೂ ಮಗಾತ್ ಕೈಕೆಳಗೆ ಆಡಿದ ಲಾಮ್ 2011ರ ತಮ್ಮ ಆತ್ಮಕಥನದಲ್ಲಿ, ಒತ್ತಡ ಹೇರುವ ಆ ವಿಧಾನ ಕೆಲಕಾಲ ಫಲ ಕೊಟ್ಟು ಆಮೇಲೆ ಮೊಂಡಾಗುತ್ತದೆಂಬ ಅಭಿಪ್ರಾಯ ಮುಂದಿಟ್ಟರು. ಮುಂದಿನ ಪಂದ್ಯದಲ್ಲಿ ಆಡುವೆನೋ ಇಲ್ಲವೋ ಎಂದು ತಿಳಿಯದ ಆಟಗಾರ ಮೊದಲು ಹೆಚ್ಚು ಓಡುತ್ತಾನೆ. ಎರಡನೇ ವರ್ಷ ಅವನಿಗೆ ಅದು ರೂಢಿಯಾಗುತ್ತದೆ, ದೇಹವೂ ದಣಿದಿರುತ್ತದೆ. ಕೊಳ್ಳುವವನೂ ತರಬೇತಿ ಕೊಡುವವನೂ ಒಬ್ಬನೇ ಆದಾಗ, ತಪ್ಪಾಗಿದೆ ಎಂದು ಹೇಳಲು ಎದುರಿಗೆ ಯಾರೂ ಇರುವುದಿಲ್ಲ.

ಈ ನಡುವೆ ಆಟದ ವಿದ್ಯೆಯೇ ಬದಲಾಗಿತ್ತು. ಶಾಲ್ಕೆ ಮಗಾತ್‌ರನ್ನು ಕಳುಹಿಸಿದ ಅದೇ ಋತುವಿನಲ್ಲಿ, ಕೂಗಳತೆಯ ಡಾರ್ಟ್‌ಮಂಡ್‌ನಲ್ಲಿ ಯೂರ್ಗನ್ ಕ್ಲಾಪ್ ಎಳೆಯರ ತಂಡ ಕಟ್ಟಿ ಲೀಗ್ ಗೆದ್ದರು. ಅವರ ಆಟಗಾರರೂ ಕಡಿಮೆ ಓಡಲಿಲ್ಲ. ಆದರೆ ಓಟ ಚೆಂಡಿನ ಜೊತೆಗಿತ್ತು, ಯಾಕೆ ಓಡಬೇಕೆಂಬ ವಿವರಣೆ ಇತ್ತು, ಕೋಚ್ ಅಪ್ಪಿಕೊಂಡು ಬೆನ್ನು ತಟ್ಟುತ್ತಿದ್ದರು. ಬೆಟ್ಟಕ್ಕಿಂತ ಅದು ಹೆಚ್ಚು ದೂರ ಒಯ್ದಿತು.

2014ರ ಫೆಬ್ರುವರಿಯಲ್ಲಿ ಲಂಡನ್ನಿನ ಫುಲಂ ಸೇರಿದ ಮಗಾತ್ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಮೊದಲ ಜರ್ಮನ್ ಕೋಚ್ ಎನಿಸಿದರು. ತಂಡ ಹಿಂಬಡ್ತಿ ಪಡೆಯಿತು, ಸೆಪ್ಟೆಂಬರ್‌ನಲ್ಲಿ ಅವರೂ ಹೊರಬಿದ್ದರು. ಮೊಣಕಾಲು–ತೊಡೆಯ ನೋವಿಗೆ ಮದ್ಯದಲ್ಲಿ ನೆನೆಸಿದ ಚೀಸ್ ಹಚ್ಚಿಕೊಳ್ಳಲು ಹೇಳಿದರೆಂದು ಮಾಜಿ ನಾಯಕ ಹಾಂಗೆಲಾಂಡ್ ಹೇಳಿದ್ದು ಆಗ ಜಗತ್ತಿಗೆಲ್ಲ ನಗೆಯ ಸರಕಾಯಿತು. ಗಟ್ಟಿ ಮೊಸರಿನಂಥ ‘ಕ್ವಾರ್ಕ್’ ಪಟ್ಟಿ ಹಾಕುವುದು ಹಳೆಯ ಮನೆಮದ್ದು, ಅದನ್ನಷ್ಟೇ ಸೂಚಿಸಿದ್ದೆ ಎಂಬುದು ಮಗಾತ್ ಅವರ ಸಮಜಾಯಿಷಿ. ಅಜ್ಜಿಯ ಮದ್ದು ಕಂಡವರಿಗೆ ಇದರಲ್ಲಿ ವಿಚಿತ್ರವೇನೂ ತೋರದು. ಬಳಿಕ 2016ರಿಂದ ಚೀನಾದ ಶಾನ್‌ಡಾಂಗ್ ಲುನೆಂಗ್ ತಂಡದೊಡನೆ ಒಂದೂವರೆ ವರ್ಷ ಕಳೆದರು.

ಎಲ್ಲ ಮುಗಿಯಿತೆಂದು ಭಾವಿಸಿದ್ದಾಗ, 2022ರ ಮಾರ್ಚ್‌ನಲ್ಲಿ ಹೆರ್ತಾ ಬರ್ಲಿನ್ ಕರೆಯಿತು. ಆ ಋತುವಿನಲ್ಲಿ ಅದಾಗಲೇ ಇಬ್ಬರು ಕೋಚ್‌ಗಳು ಬಂದು ಹೋಗಿದ್ದರು. ಕೊರೊನಾ ಸೋಂಕಿನಿಂದ ಮಗಾತ್ ಪ್ರತ್ಯೇಕವಾಸದಲ್ಲಿದ್ದ ಕಾರಣ ಮೊದಲ ಪಂದ್ಯದಲ್ಲಿ ಸಹಾಯಕ ಮಾರ್ಕ್ ಫಾದರಿಂಗಂ ತಂಡ ನಡೆಸಿದರು. 3–0 ಗೆಲುವು ಬಂತು. ಕೊನೆಗೆ ತಂಡ ನಿಂತದ್ದು 16ನೇ ಸ್ಥಾನದಲ್ಲಿ. ಆ ಸ್ಥಾನದ ತಂಡ ಎರಡನೇ ದರ್ಜೆಯ ಮೂರನೇ ತಂಡದೊಡನೆ ಎರಡು ಪಂದ್ಯ ಆಡಿ ತನ್ನ ಜಾಗ ಉಳಿಸಿಕೊಳ್ಳಬೇಕು. ಆ ವರ್ಷದ ಮೂರನೇ ತಂಡ ಹ್ಯಾಂಬರ್ಗ್.

ಅಲ್ಪಾವಧಿಯ ಒಪ್ಪಂದ ಆ ರಾತ್ರಿಗೇ ಮುಗಿಯಿತು, ಮಗಾತ್ ಹೊರಟರು. ಮುಂದಿನ ವರ್ಷ ಹೆರ್ತಾ ಕೊನೆಯ ಸ್ಥಾನಕ್ಕೆ ಕುಸಿದು ಕೆಳದರ್ಜೆಗೆ ಇಳಿಯಿತು. ಹ್ಯಾಂಬರ್ಗ್ ಬುಂಡೆಸ್‌ಲೀಗಾಕ್ಕೆ ಮರಳಲು 2025ರವರೆಗೆ ಕಾಯಬೇಕಾಯಿತು.